ರನ್ನನ ದುರ್ಯೋಧನನಿಗೆ ಭೀಮನೂ ಬೇಕು

ರನ್ನ ಕವಿಯ ‘ಗದಾಯುದ್ಧ’ ಕಾವ್ಯದಲ್ಲಿ ದುರ್ಯೋಧನನೇ ನಿಜವಾದ ನಾಯಕ, ಭೀಮನದು ಬರೀ ಆರ್ಭಟ ಎಂದು ಆ ಕಾವ್ಯದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ರನ್ನನ ಊರಾದ ಮುಧೋಳದವನಾಗಿ ನಾನು ಮೊದಲ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ.

ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನ, ವೈರಿಯ ಮಗನಾದ ಅಭಿಮನ್ಯುವಿನ ಕಳೇಬರಕ್ಕೆ ಕೈಮುಗಿದು, ಅವನ ಸಾಹಸದ ಒಂದಂಶವಾದರೂ ಇರುವ ಸಾವು ತನಗೆ ಬರಲೆಂದು ಬೇಡುತ್ತಾನೆ. ದುಶ್ಶಾಸನನ ಮುಂದೆ ಅವನಾಡುವ ಮಾತು ಇನ್ನೂ ಆಳವಾದುದು: ತಾಯಿಯ ಹಾಲನ್ನು ಮೊದಲು ನಾನುಂಡೆ, ಆಮೇಲೆ ನೀನು; ಎಲ್ಲದರಲ್ಲೂ ನನ್ನ ಹಿಂದೆಯೇ ಇದ್ದವನು ಸಾವಿನಲ್ಲಿ ಮಾತ್ರ ಕ್ರಮ ತಪ್ಪಿ ಮುಂದೆ ಹೋದೆಯಲ್ಲ ಎಂದು ಅಣ್ಣ ಮರುಗುತ್ತಾನೆ. ಮಕ್ಕಳು ಉಣ್ಣುವ ಸರದಿಯಂಥ ಮನೆಯೊಳಗಿನ ಸಂಗತಿಯಿಂದ ಇಷ್ಟು ದೊಡ್ಡ ದುಃಖವನ್ನು ಕಟ್ಟಿದ ಕವಿಶಕ್ತಿ ಅಸಾಧಾರಣವಾದುದು.

ಆದರೆ ಇದೇ ದುಶ್ಶಾಸನ ದ್ರೌಪದಿಯ ಮುಡಿಗೆ ಕೈಹಾಕಿದವನು. ಅದನ್ನು ನಾವು ಮರೆಯಬಾರದೆಂದೇ ರನ್ನ, 10 ಆಶ್ವಾಸಗಳ (ಅಧ್ಯಾಯಗಳ) ಈ ಕಾವ್ಯದ ಮೊದಲ ಆಶ್ವಾಸದಲ್ಲಿ ಭೀಮ-ದ್ರೌಪದಿಯರ ಸಂವಾದವನ್ನು ಇಟ್ಟಿದ್ದಾನೆಂದು ನನಗನ್ನಿಸುತ್ತದೆ. ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆಗೆ ಕೆರಳಿ, ನೀರೊಳಗಿದ್ದೂ ಬೆವರುತ್ತಾನೆ. ಲೇಖಕರು ಮೆಚ್ಚಿದ ಆ ಛಲವನ್ನು ನೀರಿನಿಂದ ಹೊರಗೆಳೆದದ್ದು ಅವರು ಆರ್ಭಟವೆಂದು ತಳ್ಳಿಹಾಕಿದ ಅದೇ ದನಿ.