ದಿಂಬಂ ಇಳಿಯೋ ಮಹಾಶಯರೇ, ಗೇರು ಬಿಡಬೇಡಿ

ತಮಿಳುನಾಡಿನ ದಿಂಬಂ ಘಾಟಿನ ಬುಡದಲ್ಲಿರೋ ಬಣ್ಣಾರಿ ಹತ್ತಿರ ಇವತ್ತು ಮತ್ತೊಂದು ಕಾರು. ಮುಂದಿನ ಎರಡೂ ಚಕ್ರದಲ್ಲಿ ಹೊಗೆ, ಮೂಗಿಗೆ ಅಡರೋ ಸುಟ್ಟ ವಾಸನೆ, ಬಾಟಲಿ ನೀರು ಸುರೀತಾ ನಿಂತ ನಾಲ್ಕು ಜನ. ಕಾದ ಬ್ರೇಕ್ ಡಿಸ್ಕ್ ಮೇಲೆ ತಣ್ಣೀರು ಹುಯ್ದರೆ ಅದು ಸೊಟ್ಟಗಾಗಬಹುದು, ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಸ್ಟೇರಿಂಗ್ ನಡುಗುತ್ತೆ ಅಂತ ಹೇಳಿದರೆ ನಮ್ಮನ್ನೇ ಕೆಕ್ಕರಿಸಿ ನೋಡ್ತಾರೆ. ತಾಳವಾಡಿ ಕಡೆಯವರಿಗೆ ಇದು ಹೊಸ ದರ್ಶನವೇನಲ್ಲ.

ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ ಜಿಂಕೆ ಆನೆ ನೋಡ್ತಾ ಹಾಯಾಗಿ ಬರ್ತಾರೆ. ದಿಂಬಂನಿಂದ ಕೆಳಗೆ 27 ಹೇರ್‌ಪಿನ್ ತಿರುವು. ಅಲ್ಲಿ ಗೇರನ್ನ ನ್ಯೂಟ್ರಲ್‌ಗೆ ತಂದು ಬ್ರೇಕ್ ಮೇಲೆ ಕಾಲಿಟ್ಟರೆ ಮುಗೀತು, ಬಣ್ಣಾರಿವರೆಗೂ ಎತ್ತೋ ಮಾತಿಲ್ಲ.

ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು. ದಿಂಬಂನಲ್ಲಿ ಕಾರಿಗೆ ಸೆಕೆಂಡ್, ತೀರಾ ಕಡಿದಾದ ತಿರುವಲ್ಲಿ ಫಸ್ಟ್. ಆಟೋಮ್ಯಾಟಿಕ್ ಆದರೆ ಡಿ (ಡ್ರೈವ್) ಬಿಟ್ಟು ಎಲ್‌ಗೋ (ಲೋ ಗೇರು) ಮ್ಯಾನುಯಲ್‌ಗೋ ಹಾಕಿ. ಎಂಜಿನ್ ನಿಮಿಷಕ್ಕೆ 3000 ಸುತ್ತಲ್ಲಿ ಗುಂಯ್ ಅಂದರೆ ಹೆದರಬೇಡಿ, ಅದಕ್ಕೇನೂ ಆಗಲ್ಲ. ತಿರುವಿಗೆ ಮುಂಚೆ ಒಂದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ, ವೇಗ ಇಳಿದ ಮೇಲೆ ಕಾಲು ಪೂರ್ತಿ ತೆಗೀರಿ. ಡಿಸ್ಕನ್ನ ಹಿಡಿಯೋ ಪ್ಯಾಡ್‌ಗೆ ಗಾಳಿಯಾಡೋದು ಆ ನಡುವೆಯೇ. ಬ್ರೇಕ್ ಸವರ್ತಾನೇ ಬಂದರೆ ಕಾದ ಪ್ಯಾಡ್ ಹಿಡಿತ ಬಿಡುತ್ತೆ.

ಅದಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರ್ಕೊಳ್ಳುತ್ತೆ. ಡಾಟ್ 3 ಅನ್ನೋ ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು. ತೇವ ಹಿಡಿದ ಮೇಲೆ 140 ಸಾಕು. ಕುದ್ದರೆ ಪೈಪಲ್ಲಿ ಗುಳ್ಳೆ, ಪೆಡಲ್ ಒತ್ತಿದರೆ ನೆಲಕ್ಕೆ. "ಮಟ್ಟ ಸರಿಯಾಗೇ ಇದೆಯಲ್ಲ" ಅಂತಾರೆ. ಮಟ್ಟ ಇದ್ದರೆ ಏನು ಬಂತು, ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ್ದೀರಾ?

ಇನ್ನು ಮೈಲೇಜ್ ಪಂಡಿತರು. ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತಂತೆ! ಕಾರ್ಬೊರೇಟರ್ ಕಾಲದ ಮಾತು ಅದು. ಈಗಿನ ಇಂಜೆಕ್ಷನ್ ಗಾಡಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್‌ಗೆ ತಂದರೆ ಎಂಜಿನ್ ಆರದ ಹಾಗೆ ಕುಡೀತಾನೇ ಇರುತ್ತೆ. ಇನ್ನೂ ಜಾಣರು ಎಂಜಿನ್ನೇ ಆರಿಸ್ತಾರೆ. ಎರಡು ಮೂರು ಸಲ ಒತ್ತೋ ಹೊತ್ತಿಗೆ ಬ್ರೇಕ್ ಕಲ್ಲಾಗುತ್ತೆ, ಪವರ್ ಸ್ಟೇರಿಂಗೂ ಹೋಗುತ್ತೆ. ಉಳಿಸಿದ ಪೆಟ್ರೋಲ್ ದುಡ್ಡಲ್ಲಿ ಕ್ರೇನ್ ಕರೆಸಿ.

ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂಡೀಪುರದಲ್ಲೂ ದಿಂಬಂನಲ್ಲೂ ಕಾರು ಬಿಡಲ್ಲ. 8.40ಕ್ಕೆ ಗೇಟಿಗೆ ಬಂದು ನುಗ್ಗೋರೇ ಹೆಚ್ಚು ಬ್ರೇಕ್ ಸುಡೋದು. ಕಿರಿದಾದ ಕಡೆ ಹತ್ತೋ ಗಾಡಿಗೆ ಮೊದಲು ದಾರಿ ಅನ್ನೋದು ಕಾನೂನು. ಲಾರಿಯ ಹಿಂದಿನ ಚಕ್ರ ತಿರುವಿನ ಒಳಮಗ್ಗುಲಿಗೆ ಬರುತ್ತೆ, ಅಲ್ಲಿ ತೂರಬೇಡಿ.

ಗುಡ್ಡದ ಸುತ್ತಾಟವೇ ಬೇಕು ಅನ್ನೋರು ದಿಂಬಂ ಹತ್ತೋ ಹಾಗೆ ದಾರಿ ತಿರುಗಿಸಿಕೊಳ್ಳಿ. ಗುಂಡ್ಲುಪೇಟೆ, ಬಂಡೀಪುರ, ಮುದುಮಲೆಯ ತೆಪ್ಪಕಾಡು, ಮಸಿನಗುಡಿ, ಅಲ್ಲಿಂದ ಕಲ್ಲಟ್ಟಿಯ 36 ತಿರುವು ಹತ್ತಿ ಊಟಿ. ಹೊರಗಿನವರ ಗಾಡಿಗೆ ಕಲ್ಲಟ್ಟಿ ಇಳಿಯೋದು ನಿಷೇಧ. ಯಾಕೆ ಅಂತ ಇಷ್ಟು ಓದಿದವರಿಗೆ ಹೇಳಬೇಕಿಲ್ಲ. ನೀಲಗಿರಿಗೆ 2024ರ ಮೇ 7ರಿಂದ ಇ-ಪಾಸ್ ಇದೆ, ಮೊದಲೇ ಮಾಡಿಸಿ. ಕೋಟಗಿರಿ ಮೇಲೆ ಮೆಟ್ಟುಪಾಳ್ಯಕ್ಕೆ ಇಳಿದು, ಸತ್ಯಮಂಗಲದಿಂದ ದಿಂಬಂ ಹತ್ತಿ ಬಂದರೆ ದೊಡ್ಡ ಇಳಿಜಾರು ಅಂತ ಉಳಿಯೋದು ಕೋಟಗಿರಿ ಘಾಟ್ ಒಂದೇ.

ಇಳಿಯುವಾಗ ಪೆಡಲ್ ಮೆತ್ತಗಾಯ್ತು ಅನ್ನಿಸಿದರೆ ಪಟಪಟ ಒತ್ತಿ, ಒಂದೊಂದೇ ಗೇರು ಇಳಿಸಿ, ಗುಡ್ಡದ ಕಡೆ ಒರಗಿಸಿ ನಿಲ್ಲಿಸಿ. ರಿವರ್ಸ್ ಗೇರಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗೇ ತಣಿಯೋಕೆ ಅರ್ಧ ಗಂಟೆ ಬಿಡಿ. ಹೊರಡುವಾಗ ಆ ಕಲ್ಲನ್ನ ರಸ್ತೆಯಿಂದ ಎತ್ತಿಹಾಕಿ ಮಾರಾಯ್ರೆ, ಹಿಂದೆ ಬೈಕಲ್ಲಿ ಬರೋರಿಗೆ ತಿರುವಲ್ಲಿ ಅದು ಕಾಣಲ್ಲ.