ಎಲೆ ಎಲೆಯ ನಡುವಿನ ಗಾಳಿ

ಹೋದ ವಾರ ಒಂದು ಒಳ್ಳೆಯ ಸಿಗಾರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಹಾಕಿದೆ. ಸಿಟ್ಟಿನಲ್ಲಿ.

ಎರಡು ವರ್ಷ ಡಬ್ಬಿಯಲ್ಲಿಟ್ಟು ಜೋಪಾನ ಮಾಡಿದ ಸಿಗಾರ್ ಅದು. ಬಿಡುವು ಮಾಡಿಕೊಂಡು, ಫೋನ್ ಒಳಗಿಟ್ಟು, ತುದಿ ಕತ್ತರಿಸಿ, ಅವಸರ ಮಾಡದೆ ಹೊತ್ತಿಸಿ ಕೂತರೆ ಹೊಗೆಯೇ ಬಾರದು. ಕೆನ್ನೆ ಗುಳಿಬೀಳುವಷ್ಟು ಎಳೆದರೂ ನೂಲೆಳೆಯಷ್ಟು ಬರುತ್ತಿತ್ತು. ನೆಗಡಿಯಾದ ಮೂಗಿನಲ್ಲಿ ಉಸಿರಾಡಿದ ಹಾಗೆ. ಹತ್ತು ನಿಮಿಷ ಹೆಣಗಾಡಿ ಕೈಬಿಟ್ಟೆ. ಸೀಳಿ ನೋಡಿದರೆ, ಬಾಯಿಗಿಡುವ ತುದಿಯಿಂದ ಎರಡು ಬೆರಳು ಕೆಳಗೆ ಒಂದು ಎಲೆ ತಿರುಚಿಕೊಂಡು ಗಂಟಾಗಿ ಕೂತಿತ್ತು. ಬಟಾಣಿ ಕಾಳಿನಷ್ಟು ಗಂಟು. ಅಷ್ಟಕ್ಕೇ ಇಡೀ ಸಿಗಾರ್ ಸತ್ತಿತ್ತು.

ಇಷ್ಟು ವರ್ಷ ಓದಿದ್ದಕ್ಕಿಂತ, ಸೇದಿದ್ದಕ್ಕಿಂತ ಆ ಗಂಟು ನನಗೆ ಹೆಚ್ಚು ಕಲಿಸಿತು. ಎಲೆ ಯಾವ ದೇಶದ್ದು, ಎಷ್ಟು ವರ್ಷ ಹಳೆಯದು, ಸುತ್ತಿದ ಕಾಗದದ ಪಟ್ಟಿಯ ಮೇಲೆ ಯಾರ ಹೆಸರಿದೆ ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ಕೆಡಿಸಿಕೊಂಡವನೇ. ಆದರೆ ಎಲೆಗಳ ನಡುವೆ ಗಾಳಿ ಓಡಾಡಲು ಜಾಗವಿಲ್ಲದಿದ್ದರೆ ಎಂಥ ಎಲೆಯಾದರೂ ಕಸ. ಆ ಜಾಗ ಎಷ್ಟಿರಬೇಕು ಅಂತ ನಿರ್ಧರಿಸುವುದು ಒಬ್ಬ ಮನುಷ್ಯನ ಬೆರಳು. ಕೈಯಲ್ಲಿ ಸುತ್ತಿದ ಸಿಗಾರಿಗೆ ನಾವು ಕೊಡುವ ದುಡ್ಡು ಮುಖ್ಯವಾಗಿ ಈ ಖಾಲಿ ಜಾಗಕ್ಕೆ ಅನ್ನುವುದು ನನ್ನ ವಾದ. ಒಪ್ಪದವರು ಜಗಳಕ್ಕೆ ಬನ್ನಿ.

ಸೀಳಿದ್ದನ್ನು ಬಿಸಾಡಲು ಮನಸ್ಸಾಗದೆ ಮೇಜಿನ ಮೇಲೆ ಒಂದೊಂದೇ ಎಲೆ ಬಿಡಿಸಿದೆ. ಮೊದಲು ಹೊರಗಿನದು, ರ್ಯಾಪರ್. ಈರುಳ್ಳಿ ಸಿಪ್ಪೆಗಿಂತ ಸ್ವಲ್ಪ ದಪ್ಪ, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ. ಇದು ಇಡೀ ಎಲೆಯಲ್ಲ, ಅರ್ಧ ಎಲೆ. ನಡುವಿನ ದಿಂಡನ್ನು ಎಳೆದು ತೆಗೆದಾಗ ಎಡಗಡೆ ಒಂದು, ಬಲಗಡೆ ಒಂದು ಹೋಳು ಸಿಗುತ್ತದೆ. ಎಲೆಯ ನರಗಳು ಹೊರಗೆ ಎದ್ದು ಕಾಣಬಾರದಲ್ಲ, ಹಾಗಾಗಿ ಎಡ ಹೋಳನ್ನು ಒಂದು ದಿಕ್ಕಿಗೆ ಸುತ್ತಿದರೆ ಬಲ ಹೋಳನ್ನು ಇನ್ನೊಂದು ದಿಕ್ಕಿಗೆ ಸುತ್ತಬೇಕು. ನಿಮ್ಮ ಹತ್ತಿರ ಬೇರೆ ಬೇರೆ ಸಿಗಾರುಗಳಿದ್ದರೆ ಪಕ್ಕಪಕ್ಕ ಇಟ್ಟು ನೋಡಿ, ಸುರುಳಿಯ ದಿಕ್ಕು ಎಲ್ಲದರಲ್ಲೂ ಒಂದೇ ಇರುವುದಿಲ್ಲ.

ಅದರ ಕೆಳಗೆ ಬೈಂಡರ್, ಒರಟು, ಗಟ್ಟಿ, ಯಾರೂ ಹೊಗಳದ ಎಲೆ. ಒಳಗಿನದನ್ನೆಲ್ಲ ಬಿಗಿದು ಹಿಡಿಯುವುದು ಅದರ ಕೆಲಸ. ಇನ್ನೂ ಒಳಗೆ ಫಿಲ್ಲರ್, ಉದ್ದುದ್ದ ಮಡಿಸಿದ ನಾಲ್ಕು ಎಲೆ. ಅಗ್ಗದ ಸಿಗಾರಿನಲ್ಲಾದರೆ ಇಲ್ಲಿ ಚೂರುಪಾರು ತುಂಬಿರುತ್ತಾರೆ.

ಈ ಒಳಗಿನ ಎಲೆಗಳ ಸಂಗತಿ ಸ್ವಲ್ಪ ವಿವರವಾಗಿ ಹೇಳಬೇಕು. ಕ್ಯೂಬಾದವರು ಇವಕ್ಕೆ ಗಿಡದ ಎತ್ತರ ನೋಡಿ ಹೆಸರಿಟ್ಟಿದ್ದಾರೆ. ಬುಡದ ಎಲೆ ವೊಲಾಡೊ. ರುಚಿ ಕಡಿಮೆ, ಚೆನ್ನಾಗಿ ಉರಿಯುತ್ತದೆ. ನಡುವಿನದು ಸೆಕೊ, ಪರಿಮಳ ಇದರದ್ದು. ಮೇಲಿನದು ಲಿಗೆರೊ. ಬಿಸಿಲನ್ನೆಲ್ಲ ತಾನೇ ಕುಡಿದು ದಪ್ಪಗೆ, ಎಣ್ಣೆಣ್ಣೆಯಾಗಿ ಬೆಳೆಯುವ ಎಲೆ. ಖಾರ, ಘಾಟು, ತಲೆ ತಿರುಗಿಸುವ ಶಕ್ತಿ ಎಲ್ಲ ಇದರಲ್ಲೇ. ತಮಾಷೆ ಅಂದರೆ ಸ್ಪ್ಯಾನಿಷ್‌ನಲ್ಲಿ ಲಿಗೆರೊ ಅಂದರೆ ‘ಹಗುರ’! ಈ ಮೇಲಿನ ಎಲೆ ಬಲು ನಿಧಾನಕ್ಕೆ ಉರಿಯುತ್ತದೆ. ಅದಕ್ಕೇ ಅದನ್ನು ಸರಿಯಾಗಿ ನಟ್ಟನಡುವೆ ಕೂರಿಸಬೇಕು. ಕೊಂಚ ಪಕ್ಕಕ್ಕೆ ಸರಿದರೂ ಆ ಪಕ್ಕ ಹಿಂದೆ ಬಿದ್ದು, ಬೆಂಕಿ ಓರೆಯಾಗಿ ಓಡುತ್ತದೆ.

ಸುತ್ತುವವರ ಕೈಯನ್ನು ನಾನು ನೋಡಿದ್ದು ವೀಡಿಯೊಗಳಲ್ಲಿ ಮಾತ್ರ. ಶಬ್ದ ತೆಗೆದು, ವೇಗ ಇಳಿಸಿ, ಒಂದೇ ವೀಡಿಯೊವನ್ನು ಹತ್ತಾರು ಸಲ. ಮೇಜಿನ ಮೇಲೆ ಒಂದು ಮರದ ಹಲಗೆ, ಚಾವೆಟಾ ಅನ್ನುವ ಹಿಡಿಯಿಲ್ಲದ ಚಪ್ಪಟೆ ಅಲಗು, ಪುಟ್ಟ ಬಟ್ಟಲಲ್ಲಿ ಗೋಂದು. ಆಯುಧ ಅಂದರೆ ಹೆಚ್ಚುಕಡಿಮೆ ಇಷ್ಟೇ. ಒಂದೊಂದು ಎಲೆಯನ್ನೂ ಸಣ್ಣ ಕೊಳವೆಯ ಹಾಗೆ ಸುರುಟಿ ಅಂಗೈಯಲ್ಲಿ ಪಕ್ಕಪಕ್ಕ ಜೋಡಿಸುತ್ತಾರೆ. ಇದಕ್ಕೆ ಎಂತುಬಾದೊ ಅನ್ನುತ್ತಾರೆ. ಒಂದೊಂದು ಎಲೆಯೂ ಒಂದೊಂದು ಚಿಮಣಿ. ಅವಸರದವರು ಎಲೆಗಳನ್ನು ಒಂದರ ಮೇಲೊಂದಿಟ್ಟು ಪುಸ್ತಕದ ಹಾಗೆ ಮಡಿಸಿಬಿಡುತ್ತಾರೆ, ಅದು ಬೇಗ ಆಗುತ್ತದೆ, ಆದರೆ ಮಡಿಕೆಯ ಕಡೆ ಗಾಳಿ ಕಟ್ಟುವ ಅಪಾಯ ಹೆಚ್ಚು. ನನ್ನ ಸಿಗಾರಿನ ಗಂಟು ಹೀಗೇ ಹುಟ್ಟಿರಬೇಕು ಅಂತ ಗುಮಾನಿ.

ಕಂತೆ ಕಟ್ಟಿದ ಮೇಲೆ ಬೈಂಡರ್ ಸುತ್ತಿ, ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಆಮೇಲೆ ಹೊರ ಎಲೆ. ಅದನ್ನು ಹಲಗೆಯ ಮೇಲೆ ಹರಡಿ, ಅಲಗನ್ನು ತೂಗಿಸುತ್ತ ಅಂಚು ಕತ್ತರಿಸುವಾಗ ಆ ಕೈ ಒಂದು ಸಲವೂ ಅನುಮಾನಿಸುವುದಿಲ್ಲ. ಎಳೆದು ಎಳೆದು ಸುತ್ತುತ್ತಾರೆ, ಎಲೆ ಹರಿಯುವುದಿಲ್ಲ. ಕೊನೆಗೆ ಅದೇ ಎಲೆಯ ಚೂರಿನಿಂದ ಗುಂಡಗೆ ಒಂದು ಟೋಪಿ ಕತ್ತರಿಸಿ ತಲೆಗೆ ಅಂಟಿಸುತ್ತಾರೆ. ನಾವು ಕಟರ್ ಇಟ್ಟು ಕತ್ತರಿಸಬೇಕಾದದ್ದು ಆ ಟೋಪಿಯ ಮೇಲ್ಭಾಗವನ್ನು ಮಾತ್ರ. ತಲೆ ಬಾಗುವ ಅಂಚಿನ, ಅಂದರೆ ಭುಜದ, ಕೆಳಗೆ ಹೋದಿರೋ, ಸಿಗಾರ್ ಬಾಯಲ್ಲೇ ಬಿಚ್ಚಿಕೊಳ್ಳುತ್ತದೆ.

ಇದಕ್ಕೆಲ್ಲ ಒಂದೇ ಕನ್ನಡ ಪದ ಸಾಕು, ಕೈಗುಣ. ಸ್ಪ್ಯಾನಿಷ್‌ನಲ್ಲಿ ಸುತ್ತುವವರನ್ನು ‘ತೊರ್ಸೆದೊರ್’ ಅನ್ನುತ್ತಾರೆ, ಅಂದರೆ ತಿರುಚುವವರು. ಒಂದು ಬಗೆಯ ಸಿಗಾರಿಗೆ ಇಂಗ್ಲಿಷಿನಲ್ಲಿರುವ ‘ಚೆರೂಟ್’ ಪದ ಹೋಗಿದ್ದು ತಮಿಳಿನ ‘ಸುರುಟ್ಟು’ವಿನಿಂದ. ನಾವು ಚಾಪೆ ಸುರುಟುವುದೂ ಅದೇ ಸುರುಟು! ಹೊಗೆಸೊಪ್ಪು ಎಲ್ಲಿಂದಲೋ ಬಂತು, ಸುತ್ತುವ ಕ್ರಿಯೆಗೆ ಮಾತ್ರ ಸ್ಪ್ಯಾನಿಷ್, ತಮಿಳು, ಕನ್ನಡ ತಮ್ಮದೇ ಪದ ಕೊಟ್ಟವು. ಅಂದಹಾಗೆ, ಹೆಂಗಸರ ತೊಡೆಯ ಮೇಲೆ ಸಿಗಾರ್ ಸುತ್ತುತ್ತಾರೆ ಅನ್ನುವ ಕಥೆ ಶುದ್ಧ ಬುರುಡೆ. ದಿಂಡು ತೆಗೆಯುವವರು, ಎಲೆ ವಿಂಗಡಿಸುವವರು ಎಲೆಗಳನ್ನು ಮಡಿಲಲ್ಲಿ ಹರಡಿಕೊಂಡು ಕೂರುವುದುಂಟು. ಅದನ್ನು ಕಂಡ ಯಾರೋ ಗಂಡಸು ಕಟ್ಟಿದ ಕಥೆ ಇರಬೇಕು.

ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆಯೇ ಇದೆ. ಸಿಗಾರ್ ಸುತ್ತುವ ಕೋಣೆಯಲ್ಲಿ ಯಂತ್ರದ ಗದ್ದಲವಿಲ್ಲ. ಕೈಗೆ ಕೆಲಸ, ಕಿವಿ ಖಾಲಿ. 1865ರಲ್ಲಿ ಹವಾನಾದ ಎಲ್ ಫೀಗರೊ ಕಾರ್ಖಾನೆಯಲ್ಲಿ, ಕೆಲಸ ಮಾಡುವವರ ಎದುರು ಒಬ್ಬರು ಕೂತು ಗಟ್ಟಿಯಾಗಿ ಓದುವ ಪದ್ಧತಿ ಶುರುವಾಯಿತು. ಅವರಿಗೆ ‘ಲೆಕ್ತೊರ್’ ಅಂತ ಹೆಸರು. ಪತ್ರಿಕೆ, ಕಾದಂಬರಿ, ರಾಜಕೀಯ ಎಲ್ಲ ಓದುತ್ತಿದ್ದರು. ಓದುವವರ ಸಂಬಳ ಮಾಲೀಕರದ್ದಲ್ಲ, ಕೆಲಸಗಾರರೇ ತಮ್ಮ ಜೇಬಿನಿಂದ ಕೊಡುತ್ತಿದ್ದರು. ಮರುವರ್ಷವೇ, ಆಗ ಕ್ಯೂಬಾವನ್ನು ಆಳುತ್ತಿದ್ದ ಸ್ಪೇನಿನ ಆಡಳಿತ ಇದನ್ನು ನಿಷೇಧಿಸಿತು. ಓದು ಕೇಳಿದ ಕೆಲಸಗಾರರು ಪ್ರಶ್ನೆ ಕೇಳುತ್ತಾರಲ್ಲ! ನಿಷೇಧ ಉಳಿಯಲಿಲ್ಲ, ಪದ್ಧತಿ ಕ್ಯೂಬಾದಲ್ಲಿ ಇವತ್ತಿಗೂ ಇದೆ. ಅಮೆರಿಕದ ಟ್ಯಾಂಪಾದಲ್ಲಿ ಮಾತ್ರ 1931ರಲ್ಲಿ ಮಾಲೀಕರು ಓದುವವರನ್ನು ಹೊರಗೆ ಹಾಕಿದರು. 1935ರಲ್ಲಿ ಶುರುವಾದ ಮಾಂಟೆಕ್ರಿಸ್ಟೊ ಸಿಗಾರಿನ ಹೆಸರು, ಕೆಲಸಗಾರರು ಮತ್ತೆ ಮತ್ತೆ ಕೇಳಬಯಸಿದ ಒಂದು ಕಾದಂಬರಿಯಿಂದ ಬಂದದ್ದು ಅನ್ನುತ್ತಾರೆ. ಒಳ್ಳೆಯ ಸಿಗಾರ್ ಹಿಡಿದಾಗಲೆಲ್ಲ, ಇದನ್ನು ಸುತ್ತುವಾಗ ಕಥೆ ಯಾವ ಘಟ್ಟದಲ್ಲಿತ್ತೋ ಅಂತ ಒಂದು ಹುಚ್ಚು ಯೋಚನೆ ಬರುತ್ತದೆ.

ಇನ್ನು ರುಚಿ. ಸಿಗಾರ್ ವಿಮರ್ಶಕರ ಪಟ್ಟಿ ನೋಡಿದರೆ ನನಗೆ ನಗು. ಚರ್ಮ, ಕೋಕೋ, ಹುರಿದ ಕಾಫಿ, ಒದ್ದೆ ಮಣ್ಣು, ಕಿತ್ತಳೆ ಸಿಪ್ಪೆ, ಮುಂದೆ ದಿನಸಿ ಅಂಗಡಿಯೇ. ಇವೆಲ್ಲ ಸುಳ್ಳು ಅಂತಲ್ಲ. ನಾಲಿಗೆಗೆ ಗೊತ್ತಾಗುವುದು ಕೆಲವೇ ರುಚಿ, ಉಳಿದದ್ದೆಲ್ಲ ಮೂಗಿನ ಕೆಲಸ. ಹೊಗೆಯನ್ನು ಶ್ವಾಸಕೋಶಕ್ಕೆ ಇಳಿಸದೆ, ಬಾಯಲ್ಲಿ ಆಡಿಸಿ, ಅದರಲ್ಲಿ ಸ್ವಲ್ಪವನ್ನು ಹಿಂದಿನಿಂದ ಮೂಗಿಗೆ ಬಿಟ್ಟರೆ ಥಟ್ಟನೆ ಬೇರೆಯೇ ಒಂದು ಲೋಕ ತೆರೆಯುತ್ತದೆ. ಮೊದಲ ಸಲ ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಪಟ್ಟಿ ಓದಿಕೊಂಡು ಸೇದಲು ಕೂತವರಿಗೆ ಪಟ್ಟಿಯಲ್ಲಿದ್ದದ್ದೇ ಸಿಗುತ್ತದೆ. ನಾನು ನೋಡುವುದು ಖಾರ ಎಲ್ಲಿ ಕೂರುತ್ತದೆ, ಒಗರು ಎಷ್ಟು, ಹೊಗೆ ಬಿಟ್ಟ ಮೇಲೆ ಬಾಯಲ್ಲಿ ಏನು ಉಳಿಯುತ್ತದೆ, ಇಷ್ಟೇ. ಒಳ್ಳೆಯ ಸಿಗಾರಿನಲ್ಲಿ ಕಹಿಯ ಹಿಂದೆ ಒಂದು ಸಣ್ಣ ಸಿಹಿ ಬರುತ್ತದೆ, ಹೆಸರಿಡಲು ಹೋಗುವಷ್ಟರಲ್ಲಿ ಮಾಯ.

ಈ ರುಚಿ ಹುಟ್ಟುವುದು ಹುದುಗಿನಲ್ಲಿ. ಒಣಗಿಸಿದ ಎಲೆಗಳನ್ನು ತೇವ ಮಾಡಿ ಆಳೆತ್ತರ ರಾಶಿ ಒಟ್ಟುತ್ತಾರೆ. ರಾಶಿಯ ಹೊಟ್ಟೆ ತನ್ನಷ್ಟಕ್ಕೇ ಕಾಯತೊಡಗುತ್ತದೆ. ಕಾವು ಮೀರುವ ಮೊದಲು ರಾಶಿ ಕಿತ್ತು, ಒಳಗಿನದು ಹೊರಗೆ, ಹೊರಗಿನದು ಒಳಗೆ ಮಾಡಿ ಮತ್ತೆ ಒಟ್ಟಬೇಕು. ಈ ಕಾವಿನಲ್ಲೇ ಅಮೋನಿಯಾ ಹೊರಗೆ ಹೋಗುತ್ತದೆ, ಕಮಟು ಇಳಿಯುತ್ತದೆ. ಅವಸರ ಮಾಡಿದ ಎಲೆ ಹೇಗಿರುತ್ತದೆ ಅಂತ ಗೊತ್ತಾಗಬೇಕಾದರೆ ಅಗ್ಗದ ಸಿಗಾರಿನ ಮೊದಲ ದಮ್ಮು ಎಳೆಯಿರಿ, ಮೂಗಿಗೆ ಚುಚ್ಚಿದಂತಾಗುವುದು ಅದೇ. ಮೇಲೆ ಹೇಳಿದ ಲಿಗೆರೊ ದಪ್ಪ ಎಲೆಯಾದ್ದರಿಂದ ಹೆಚ್ಚು ಕಾಲ ಹುದುಗಬೇಕು. ಕ್ಯೂಬಾದ ಹೆಸರಾಂತ ಸಿಗಾರ್ ಕೊಹಿಬಾ ಮಾಡುವವರು ಕೆಲವು ಎಲೆಗಳನ್ನು ಪೀಪಾಯಿಯಲ್ಲಿಟ್ಟು ಮೂರನೇ ಸಲ ಹುದುಗಿಸುತ್ತಾರೆ.

ಇಷ್ಟು ತಾಳ್ಮೆಯಿಂದ ಮಾಡಿದ್ದನ್ನು ನಾವು ಹಾಳು ಮಾಡುವುದು ಅವಸರದಿಂದಲೇ. ನಿಮಿಷಕ್ಕೆ ಒಂದು ದಮ್ಮು ಸಾಕು. ಬುಸುಬುಸು ಎಳೆದರೆ ತುದಿ ಕಾದು ಎಲೆ ಸೀಯುತ್ತದೆ, ಆಮೇಲೆ ಕೋಕೋನೂ ಇಲ್ಲ ಕಾಫಿಯೂ ಇಲ್ಲ, ಬರೀ ಕಮರು. ಇಡುವ ಜಾಗವೂ ಹಾಗೆ. ಗಾಳಿಯ ತೇವಾಂಶ ಶೇ. 65ರಿಂದ 70ರ ಒಳಗಿರಬೇಕು. ಒಣಗಿದರೆ ಬೆಂಕಿ ಓಡುತ್ತದೆ, ಒದ್ದೆಯಾದರೆ ಮತ್ತೆ ಮತ್ತೆ ಆರುತ್ತದೆ. ಡಬ್ಬಿಯ ಒಳಗೆ ಹಾಕುವ ‘ಸ್ಪ್ಯಾನಿಷ್ ಸೀಡರ್’ ಸ್ಪೇನಿನದೂ ಅಲ್ಲ, ಸೀಡರ್ ಮರವೂ ಅಲ್ಲ. ಅಮೆರಿಕ ಖಂಡದ ಮರ, ನಮ್ಮ ಬೇವಿನ ಕುಟುಂಬದ್ದು! ಇದು ಗೊತ್ತಾದ ದಿನ ನನಗೆ ವಿಚಿತ್ರ ಖುಷಿಯಾಗಿತ್ತು.

ಕ್ಯೂಬಾದ್ದೇ ಬೇಕು ಅನ್ನುವವರೊಂದಿಗೆ ನಾನು ವಾದ ಮಾಡುವುದನ್ನು ಬಿಟ್ಟಿದ್ದೇನೆ. ಅಲ್ಲಿ ಹೊಗೆಸೊಪ್ಪಿಗೆ ಹೆಸರಾದ ವುವೆಲ್ತಾ ಅಬಾಹೊ ಸೀಮೆಯ ಮಣ್ಣು ದೊಡ್ಡದೇ, ಸುಳ್ಳಲ್ಲ. 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾದ ವ್ಯಾಪಾರ ನಿಷೇಧಕ್ಕೆ ಸಹಿ ಹಾಕುವ ಮುನ್ನ ತನ್ನ ಪತ್ರಿಕಾ ಕಾರ್ಯದರ್ಶಿಯನ್ನು ಓಡಿಸಿ 1,200 ಸಿಗಾರ್ ತರಿಸಿಕೊಂಡ ಕಥೆಯನ್ನು ಆ ಕಾರ್ಯದರ್ಶಿಯೇ ಹೇಳಿಕೊಂಡಿದ್ದಾರೆ. ಆದರೆ ಕ್ಯೂಬಾದ 1959ರ ಕ್ರಾಂತಿಯ ನಂತರ ದೇಶ ಬಿಟ್ಟ ಬೆಳೆಗಾರರು ಬೀಜದ ಜೊತೆ ತಮ್ಮ ಕೈಯನ್ನೂ ತೆಗೆದುಕೊಂಡೇ ಹೋದರು. ಡೊಮಿನಿಕನ್ ರಿಪಬ್ಲಿಕ್, ಹೊಂಡುರಾಸ್, ನಿಕರಾಗುವಾ. ನಿಕರಾಗುವಾದ ಎಸ್ತೆಲಿ ಊರಲ್ಲಿ ಸುತ್ತಿದ ಸಿಗಾರುಗಳಲ್ಲಿ ನನಗೆ ಗಂಟು ಸಿಕ್ಕಿದ್ದು ಕಡಿಮೆ. ನನ್ನ ಲೆಕ್ಕ ಅಷ್ಟೇ.

ಇಷ್ಟು ಹೊಗಳಿದೆ ಅಂತ ಯಾರೂ ಹೊಸದಾಗಿ ಶುರು ಮಾಡಬೇಡಿ. ಹೊಗೆ ಒಳಗೆ ಎಳೆಯುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಅನ್ನುವುದು ನಮ್ಮಂಥವರ ಸಮಾಧಾನದ ಮಾತು. ಬಾಯಿಯ ಒಳಪದರವೇ ನಿಕೋಟಿನ್ ಹೀರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೂ ಸಿಗಾರಿಗೂ ಇರುವ ನಂಟು ಸಾಬೀತಾದದ್ದು. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ನಾನು ವರ್ಷಕ್ಕೆ ಐದಾರು ಸೇದುವವನು, ಅದೂ ಇದೆಲ್ಲ ತಿಳಿದೂ.

ಸೀಳಿದ ಸಿಗಾರಿನ ಕಥೆ ಮುಗಿದಿಲ್ಲ. ಎಲೆಗಳು ಮೇಜಿನ ಮೇಲೆ ಹರಡಿದ್ದವಲ್ಲ, ಸುಟ್ಟ ತುದಿ ಕತ್ತರಿಸಿ, ಉಳಿದದ್ದನ್ನು ನಾನೇ ಸುತ್ತಿ ನೋಡೋಣ ಅನ್ನಿಸಿತು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಲೆ ಮೆತ್ತಗೆ ಮಾಡಿದೆ. ದಪ್ಪ ಎಲೆ ನಡುವೆ, ಉಳಿದವು ಸುತ್ತ. ಪಾಠವೆಲ್ಲ ಬಾಯಿಪಾಠ. ಕೊಳವೆ ಮಾಡಲು ಹೋದರೆ ಒಂದು ಸುರುಟುವಷ್ಟರಲ್ಲಿ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಬೈಂಡರ್ ಸುತ್ತುವಾಗ ಒಂದು ಕಡೆ ಉಬ್ಬಿತು, ಒತ್ತಿದೆ, ಇನ್ನೊಂದು ಕಡೆ ಉಬ್ಬಿತು. ಹೊರ ಎಲೆ ಎರಡನೇ ಸುತ್ತಿಗೇ ಹರಿಯಿತು. ಮುಕ್ಕಾಲು ಗಂಟೆಯ ನಂತರ ಇಲಿ ನುಂಗಿದ ಹಾವಿನ ಹಾಗೆ ಹೊಟ್ಟೆ ಉಬ್ಬಿಸಿಕೊಂಡ ಒಂದು ವಸ್ತು ತಯಾರಾಯಿತು. ಹೊತ್ತಿಸಿದೆ. ಒಂದು ಪಕ್ಕ ಭಗ್ಗನೆ ಉರಿದು ಬೂದಿಯಾಯಿತು, ಇನ್ನೊಂದು ಪಕ್ಕ ಬೆಂಕಿಯ ಸುಳಿವೇ ಇಲ್ಲ. ಲಿಗೆರೊ ಯಾವಾಗಲೋ ಪಕ್ಕಕ್ಕೆ ಜಾರಿತ್ತು.

ಒಬ್ಬ ತೊರ್ಸೆದೊರ್ ದಿನಕ್ಕೆ ನೂರರ ಆಸುಪಾಸು ಸುತ್ತುತ್ತಾರೆ. ಹವಾನಾದಲ್ಲಿ ಕ್ವೆತೊ ಅನ್ನುವ ಅಡ್ಡಹೆಸರಿನ ಹೊಸೆ ಕಾಸ್ತೆಲಾರ್ 2016ರಲ್ಲಿ 90 ಮೀಟರ್ ಉದ್ದದ ಒಂದೇ ಸಿಗಾರ್ ಸುತ್ತಿದ್ದರು. ನನಗೆ ಹನ್ನೆರಡು ಸೆಂಟಿಮೀಟರ್ ಆಗಲಿಲ್ಲ. ಯಾರೋ ಕಾಣದ ಮನುಷ್ಯ ಸುತ್ತಿದ್ದರಲ್ಲಿ ಬಟಾಣಿಯಷ್ಟು ಒಂದು ಗಂಟಿತ್ತು ಅಂತ ಬ್ಲೇಡ್ ಎತ್ತಿದ್ದೆ. ನಾನು ಸುತ್ತಿದ್ದು ಪೂರ್ತಿ ಗಂಟೇ.