ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸುವ ಮುಂಚೆ ಡ್ರಮ್ ಬಿಚ್ಚಿಸಿ ನೋಡಿ

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಮುಕ್ಕಾಲು ಪಾಲು ಇಳಿದಾಗಿತ್ತು. ಮುಂದಿನ ತಿರುವಿಗೆ ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಎರಡು ಮೂರು ಸಲ ಪಂಪ್ ಮಾಡಿದೆ, ಗೇರ್ ಇಳಿಸಿದೆ. ಹ್ಯಾಂಡ್ ಬ್ರೇಕ್ ಎಳೆದೆ, ಅದೂ ಸರಿಯಾಗಿ ಹಿಡಿಯಲಿಲ್ಲ. ಹೇಗೋ ಗಾಡಿ ಬದಿಗೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮ ನನ್ನ ಮಗಳನ್ನು ಅಪ್ಪಿಕೊಂಡು ಕೂತಿದ್ದರು. ಆ ಕ್ಷಣ ಇವತ್ತಿಗೂ ಮರೆತಿಲ್ಲ.

ಇಳಿದು ನೋಡಿದರೆ ಮುಂದಿನ ಚಕ್ರಗಳಿಂದ ಹೊಗೆ, ಸುಟ್ಟ ವಾಸನೆ. ಅಪ್ಪ ಹಿಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿ, "ಇದು ತಣ್ಣಗಿದೆ ಮಾರಾಯ" ಅಂದರು. ಆಗ ಆ ಮಾತಿನ ಅರ್ಥ ನನಗೆ ಹೊಳೆಯಲಿಲ್ಲ.

ಮನೆಗೆ ಬಂದವನೇ ತೀರ್ಮಾನ ಮಾಡಿದೆ. ಹಿಂದಿನ ಡ್ರಮ್ ಬ್ರೇಕ್ (ಚಕ್ರದ ಜೊತೆ ತಿರುಗುವ ಡಬ್ಬಿಯನ್ನು ಒಳಗಿನಿಂದ ಒತ್ತಿ ಹಿಡಿಯುವುದು) ತೆಗೆಸಿ ಡಿಸ್ಕ್ (ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅದುಮುವುದು) ಹಾಕಿಸಬೇಕು. ನನ್ನದು 2014ರ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ರಾತ್ರಿ ಕೂತು ವಿಡಿಯೋ ನೋಡಿದೆ. ಬೆಂಗಳೂರಿನಲ್ಲಿ ಒಬ್ಬರು ಕಿಟ್ ಮತ್ತು ಕೂಲಿ ಸೇರಿ 38,000 ರೂಪಾಯಿ ಅಂದರು. ಅಡ್ವಾನ್ಸ್ ಕಳಿಸುವ ಮುಂಚೆ ಶಿವಮೊಗ್ಗದಲ್ಲಿ ನಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಹೇಳಿದ್ದು ಒಂದೇ ಮಾತು. "ಹಾಕೋದು ಆಮೇಲೆ ಸಾರ್, ಮೊದಲು ಈಗ ಇರೋದನ್ನ ಬಿಚ್ಚಿ ನೋಡೋಣ."

ಡ್ರಮ್ ಬಿಚ್ಚಿದಾಗ ಕಂಡದ್ದನ್ನು ಪೂರ್ತಿ ಬರೆಯಲೇಬೇಕು. ಈ ಪೋಸ್ಟ್ ಬರೆಯುತ್ತಿರುವುದೇ ಅದಕ್ಕೆ. ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುವ ವೀಲ್ ಸಿಲಿಂಡರ್ ಎಡಗಡೆ ಸೋರಿ, ಶೂಗಳ ಲೈನಿಂಗ್ ಆಯಿಲ್‌ನಲ್ಲಿ ನೆನೆದಿತ್ತು. ಶೂ ಸವೆದಂತೆ ಅದನ್ನು ಡ್ರಮ್ಮಿನ ಹತ್ತಿರಕ್ಕೆ ತರುವ ಅಡ್ಜಸ್ಟರ್ ಬಲಗಡೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಶೂಗೂ ಡ್ರಮ್ಮಿಗೂ ನಡುವೆ ಬೇಕಾದಷ್ಟು ಜಾಗ. ಅಂದರೆ ನನ್ನ ಕಾರಿಗೆ ಹಿಂದಿನ ಬ್ರೇಕ್ ಇರಲೇ ಇಲ್ಲ! ಬಾಟಲಿಯಲ್ಲಿದ್ದ ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಪ್ರತಿ ವರ್ಷ ತಪ್ಪದೆ ಸರ್ವಿಸ್ ಮಾಡಿಸಿದ್ದೇನೆ. ಬಿಲ್ಲಿನಲ್ಲಿ "ಬ್ರೇಕ್ ಕ್ಲೀನಿಂಗ್" ಅಂತ ದುಡ್ಡೂ ಕಟ್ಟಿದ್ದೇನೆ. ಆಯಿಲ್ ಕಮ್ಮಿಯಾದಾಗಲೆಲ್ಲ ಮೇಲಿಂದ ತುಂಬಿಸಿ ಕಳಿಸಿದ್ದಾರೆ. ಯಾಕೆ ಕಮ್ಮಿಯಾಯಿತು ಅಂತ ಯಾರೂ ನೋಡಿಲ್ಲ. ಇದು ನನಗೆ ಇನ್ನೂ ಸಿಟ್ಟು ತರಿಸುತ್ತದೆ.

ಈಗ ಘಾಟಿಯಲ್ಲಿ ಆದದ್ದನ್ನು ಜೋಡಿಸಿ ನೋಡಿ. ಐದು ಜನ ಕೂತ ಚಿಕ್ಕ ಕಾರು ಅಂದರೆ ಸುಮಾರು 1,300 ಕಿಲೋ. ಅದು ಅರ್ಧ ಕಿಲೋಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಆ ಭಾರವನ್ನೆಲ್ಲ ಬ್ರೇಕ್ ಒಂದೇ ತಡೆದರೆ ಹುಟ್ಟುವ ಶಾಖ ಎಷ್ಟು ಗೊತ್ತಾ? 20 ಲೀಟರ್ ತಣ್ಣೀರನ್ನು ಕುದಿಸಬಹುದು. ಸ್ನಾನದ ನೀರಿನ ಒಂದು ಸಣ್ಣ ಹಂಡೆಯನ್ನೇ ಕಾಯಿಸಿದ ಹಾಗೆ. ನಾಲ್ಕು ಚಕ್ರ ಹಂಚಿಕೊಳ್ಳಬೇಕಾದ ಈ ಶಾಖ ನನ್ನ ಕಾರಿನಲ್ಲಿ ಎರಡಕ್ಕೇ ಬಿತ್ತು. ಮುಂದಿನ ಡಿಸ್ಕನ್ನು ಪ್ಯಾಡ್‌ಗಳಿಂದ ಅದುಮುವ ಕ್ಯಾಲಿಪರ್ ಒಳಗಿನ ಹಳೇ ಆಯಿಲ್ ಕುದಿಯಿತು. ಕುದ್ದರೆ ಗುಳ್ಳೆ. ಕಾಲಿನ ಒತ್ತಡವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚು. ಅದೇ ಆ ಸ್ಪಂಜು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಅದರ ಒಂದು ದರ್ಜೆಯಾದ ಡಾಟ್ 3 ಹೊಸದಿದ್ದಾಗ ಕಮ್ಮಿ ಅಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಮೇಲೆ ಆ ಮಟ್ಟ 140ಕ್ಕೆ ಬೀಳುತ್ತದೆ. ಡಾಟ್ 4ಕ್ಕೆ ಇವೇ ಅಂಕಿ 230 ಮತ್ತು 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಅದಕ್ಕೇ. ಮಲೆನಾಡಿನಲ್ಲಿ ಗಾಳಿಯಲ್ಲಿ ತೇವಕ್ಕೇನು ಬರವೇ?

ಆ ದಿನ ನನ್ನ ಕಾರಿನ ಹಿಂದೆ 38,000 ರೂಪಾಯಿಯ ಡಿಸ್ಕ್ ಇದ್ದು, ಅದೇ ಹಳೇ ಆಯಿಲ್ ಇದ್ದಿದ್ದರೆ ನಾನು ಅದೇ ಅಪಾಯದ ಬಾಯಲ್ಲಿ ಇರುತ್ತಿದ್ದೆ.

ಡಿಸ್ಕ್ ಒಳ್ಳೆಯದಲ್ಲ ಅಂತ ಹೇಳುತ್ತಿಲ್ಲ. ಬೇಗ ತಣ್ಣಗಾಗುತ್ತದೆ, ನೀರು ಬಿದ್ದರೆ ಬೇಗ ಒಣಗುತ್ತದೆ, ಪ್ಯಾಡ್ ಸವೆದದ್ದು ಸುಲಭವಾಗಿ ಕಾಣುತ್ತದೆ. ಆದರೆ ಬ್ರೇಕ್ ಹಾಕಿದ ಕೂಡಲೇ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಾಗಾಗಿ ಚಿಕ್ಕ ಕಾರುಗಳಲ್ಲಿ ಹೆಚ್ಚಿನ ಕೆಲಸ ಮುಂದಿನ ಬ್ರೇಕ್‌ನದೇ. ಹಿಂದಿನದು ತನ್ನ ಪಾಲಿನಷ್ಟು ಮಾಡಬೇಕು. ಕಮ್ಮಿಯೂ ಆಗಬಾರದು, ಜಾಸ್ತಿಯೂ ಆಗಬಾರದು.

ಕಿಟ್ ಮಾರುವವರು ಹೇಳದೆ ಬಿಡುವುದು ಈ ಅಳತೆಯ ಮಾತನ್ನು. ಬಾಗಿಲ ಸಂದಿಗೆ ಮರದ ಚಕ್ಕೆ ಸಿಕ್ಕಿಸಿದರೆ, ಬಾಗಿಲು ತಳ್ಳಿದಷ್ಟೂ ಚಕ್ಕೆ ಬಿಗಿಯಾಗುತ್ತದಲ್ಲ? ಡ್ರಮ್ ಒಳಗಿನ ಒಂದು ಶೂ ಹಾಗೆಯೇ. ತಿರುಗುವ ಡ್ರಮ್ಮೇ ಅದನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಪುಟ್ಟ ವೀಲ್ ಸಿಲಿಂಡರ್ ಸಾಕು. ಡಿಸ್ಕಿಗೆ ಆ ಸಹಾಯ ಇಲ್ಲ. ದೊಡ್ಡ ಪಿಸ್ಟನ್ ಬೇಕು, ಜಾಸ್ತಿ ಆಯಿಲ್ ಬೇಕು. ಹಳೇ ಮಾಸ್ಟರ್ ಸಿಲಿಂಡರ್ ಅಷ್ಟು ಆಯಿಲ್ ತಳ್ಳಬೇಕಾದರೆ ಪೆಡಲ್ ಇನ್ನೂ ಕೆಳಗಿಳಿಯಬೇಕು. ಹಿಂದಕ್ಕೆ ಹೋಗುವ ಒತ್ತಡವನ್ನು ಹಿಡಿದಿಡುವ ಪ್ರಪೋರ್ಷನಿಂಗ್ ವಾಲ್ವ್ ಡ್ರಮ್ಮಿನ ಲೆಕ್ಕದ್ದು. ಹೊಸ ಕ್ಯಾಲಿಪರ್ ಚಿಕ್ಕದಾದರೆ ಹಿಂದಿನ ಬ್ರೇಕ್ ಮೊದಲಿಗಿಂತ ದುರ್ಬಲ. ಮುಂದಿನದಕ್ಕೆ ಮತ್ತೆ ಅದೇ ಹೊರೆ. ದೊಡ್ಡದಾದರೆ ಇನ್ನೂ ಕೆಟ್ಟದ್ದು. ಮಳೆಯಲ್ಲಿ ಜೋರಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ, ಕಾರಿನ ಹಿಂಭಾಗ ಮುಂದಕ್ಕೆ ತಿರುಗಿಕೊಳ್ಳುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಹಾಗಾಗುವುದನ್ನು ನೆನೆಸಿಕೊಳ್ಳಿ.

"ನನ್ನ ಕಾರಿಗೆ ಎಬಿಎಸ್ ಇದೆ" ಅನ್ನಬಹುದು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ, ನಿಜ. ಆದರೆ ಅದರ ಲೆಕ್ಕಾಚಾರವನ್ನೂ ಕಂಪನಿ ಹಾಕಿದ ಬ್ರೇಕಿಗೆ ಹೊಂದಿಸಿರುತ್ತಾರೆ. ಗ್ಯಾರೇಜಿನಲ್ಲಿ ಅದನ್ನು ಹೊಸದಾಗಿ ಅಳೆದು ಕೂರಿಸುವವರು ಯಾರು?

ಹ್ಯಾಂಡ್ ಬ್ರೇಕ್ ವಿಷಯ ಬೇರೆ. ಡ್ರಮ್ಮಿನಲ್ಲಿ ಒಂದು ಕೇಬಲ್, ಒಂದು ಲಿವರ್, ಮುಗಿಯಿತು. ಡಿಸ್ಕ್ ಹಾಕಿದರೆ ಹ್ಯಾಂಡ್ ಬ್ರೇಕ್ ಇರುವ ಕ್ಯಾಲಿಪರ್ ಬೇಕು, ಇಲ್ಲವೇ ಡಿಸ್ಕಿನ ನಡುವೆ ಇನ್ನೊಂದು ಪುಟ್ಟ ಡ್ರಮ್. ಹ್ಯಾಂಡ್ ಬ್ರೇಕನ್ನೇ ಕಿತ್ತುಹಾಕಿ "ಗೇರಲ್ಲಿ ನಿಲ್ಲಿಸಿ ಸಾರ್" ಅಂದ ಉದಾಹರಣೆಯನ್ನೂ ಕೇಳಿದ್ದೇನೆ. ವಾಹನವನ್ನು ಮಾರ್ಪಡಿಸುವುದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ವಿಮೆಯ ತಕರಾರು, ಇವೂ ಇವೆ. ಆದರೆ ನನ್ನ ಚಿಂತೆ ದಂಡದ್ದಲ್ಲ, ಜೀವದ್ದು.

ಡ್ರಮ್ ಅಂದರೆ ಹಳೇ ಕಾಲದ್ದು, ಕಂಪನಿಯವರು ದುಡ್ಡು ಉಳಿಸಲು ಹಾಕುವುದು ಅಂತ ನಾನೂ ನಂಬಿದ್ದೆ. ಅಗ್ಗ ಅನ್ನುವುದು ಸುಳ್ಳಲ್ಲ. ಆದರೆ ಫೋಕ್ಸ್‌ವ್ಯಾಗನ್‌ನ ಐಡಿ.4 ಎಲೆಕ್ಟ್ರಿಕ್ ಕಾರಿಗೂ ಹಿಂದೆ ಡ್ರಮ್ಮೇ ಇದೆ. ಅಲ್ಲಿ ಮೋಟರೇ ಗಾಡಿಯನ್ನು ನಿಧಾನ ಮಾಡುವುದರಿಂದ ಹಿಂದಿನ ಬ್ರೇಕಿಗೆ ಕೆಲಸ ಕಮ್ಮಿ. ಬಳಕೆ ಇಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ ಸುರಕ್ಷಿತವಾಗಿರುತ್ತದೆ.

ಬದಲಿಸಲೇಬೇಕು ಅನ್ನುವವರಿಗೆ ನಾನು ಒಪ್ಪುವ ದಾರಿ ಒಂದೇ. ನಿಮ್ಮದೇ ಮಾಡೆಲ್‌ನ ಮೇಲಿನ ವೇರಿಯಂಟಿಗೆ ಕಂಪನಿಯೇ ಹಿಂದೆ ಡಿಸ್ಕ್ ಕೊಟ್ಟಿದ್ದರೆ, ಅದರ ಹಬ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್, ವಾಲ್ವ್, ಹ್ಯಾಂಡ್ ಬ್ರೇಕ್ ಕೇಬಲ್ ಎಲ್ಲವನ್ನೂ ಪೂರ್ತಿ ಸೆಟ್ ಆಗಿ ತರಬೇಕು. ಎಬಿಎಸ್ ಇದ್ದರೆ ಅದರ ಭಾಗಗಳನ್ನೂ. ಅರ್ಧ ಅಲ್ಲಿಂದ, ಅರ್ಧ ಗುಜರಿಯಿಂದ ತಂದು ಜೋಡಿಸಿದ್ದನ್ನು ನನ್ನ ಮಗಳು ಕೂರುವ ಕಾರಿಗೆ ನಾನು ಹಾಕಿಸಲಾರೆ.

ನನಗೆ ಆದ ಖರ್ಚು 4,800 ರೂಪಾಯಿ. ಹೊಸ ಶೂ, ಎರಡು ವೀಲ್ ಸಿಲಿಂಡರ್, ಅಡ್ಜಸ್ಟರ್, ಹೊಸ ಆಯಿಲ್, ಬ್ರೇಕ್ ಪೈಪಿನ ಏರ್ ತೆಗೆದ ಕೂಲಿ ಎಲ್ಲ ಸೇರಿ. ನಿಮ್ಮ ಕಾರಿನ ಡ್ರಮ್ಮನ್ನು ಮುಂದಿನ ಸರ್ವಿಸ್‌ನಲ್ಲಿ ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಕಾಯುವ ಕೋಣೆಯಲ್ಲಿ ಕೂರಬೇಡಿ, ಒಳಗೆ ಹೋಗಿ ನಿಲ್ಲಿ.

ಹೋದ ತಿಂಗಳು ಮತ್ತೆ ಆಗುಂಬೆ ಇಳಿದೆವು. ಅಪ್ಪ ಹಿಂದೆ ಅಂಬಾಸಿಡರ್ ಓಡಿಸಿದವರು. "ಹತ್ತುವ ಗೇರಿನಲ್ಲೇ ಇಳಿಬೇಕು" ಅಂತ ಎಷ್ಟೋ ಸಲ ಹೇಳಿದ್ದರು. ಈ ಸಲ ಎರಡನೇ ಗೇರ್ ಬಿಡಲಿಲ್ಲ. ಪೆಡಲ್ ಕೊನೆವರೆಗೂ ಗಟ್ಟಿಯಾಗಿತ್ತು. ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಅಪ್ಪ ಇಳಿದು ಹಿಂದಿನ ಚಕ್ರದ ಹತ್ತಿರ ಕೈ ಹಿಡಿದರು.

"ಬಿಸಿ ಇದೆ" ಅಂದರು.